ಹಿಂದೆ ಸರಿದ ಬೆಳ್ಳಿ

ಶಿನ್ಯಾ ಉಗುರು ಕತ್ತರಿಸಿಕೊಂಡು ಬಂದಿದ್ದ. ಆಟದ ಮಣೆಯ ಆಚೆ ಬದಿಯಲ್ಲಿ ಮಂಡಿಯೂರಿ ಕೂತವನ ತೊಡೆಯ ಮೇಲೆ ಬೋರಲಾಗಿ ಬಿದ್ದಿದ್ದ ಆ ಎರಡು ಕೈಗಳನ್ನು ನಿಶಿಗಾಕಿಯವರು ಬೆಳಿಗ್ಗೆ ಹತ್ತು ಗಂಟೆಯಿಂದ ನೋಡುತ್ತಲೇ ಇದ್ದರು. ಆಟವಿರುವ ದಿನ ಉಗುರು ಕತ್ತರಿಸಿಕೊಳ್ಳಬೇಕು ಅಂತ ಆ ಕೈಗಳಿಗೆ ಕಲಿಸಿದವರು ಅವರೇ. ಆಗ ಅವು ಹದಿಮೂರು ವರ್ಷದ ಕೈಗಳು, ಅವನ ಊರು ತೊತ್ತೊರಿಯ ಪೇರುಹಣ್ಣಿನ ತೋಟದ ಮಣ್ಣು ಬೆರಳ ಸಂದಿಯಲ್ಲಿ ಇನ್ನೂ ಕೂತಿತ್ತು. ಆದರೆ ಇವತ್ತು ಆಡುವವನು ಇವನಲ್ಲವಲ್ಲ, ಪಕ್ಕದ ಪುಟ್ಟ ಮೇಜಿನ ಮೇಲಿರುವ ಆ ಲ್ಯಾಪ್‌ಟಾಪು. ಅದು ಪರದೆಯ ಮೇಲೆ ನಡೆ ತೋರಿಸುತ್ತದೆ, ಇವನು ಕಾಯಿ ಎತ್ತಿ ಇಡುತ್ತಾನೆ. ಯಂತ್ರದ ಆಳಿಗೆ ಉಗುರಿನ ಶಾಸ್ತ್ರ ಯಾಕೆ? ಕಾಯಿಯನ್ನು ತೋರುಬೆರಳು ನಡುಬೆರಳ ನಡುವೆ ಹಿಡಿದು ಮಣೆಗೆ ಟಪ್ಪೆಂದು ಕೂರಿಸುವುದನ್ನೂ ಅವರೇ ಕಲಿಸಿದ್ದರು. ಅದನ್ನು ಮಾತ್ರ ಇವನು ಇವತ್ತು ಮಾಡುತ್ತಿರಲಿಲ್ಲ. ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಸದ್ದಿಲ್ಲದೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಈ ನಡೆ ನನ್ನದಲ್ಲ ಎಂದು ಪ್ರತಿ ಸಲವೂ ಹೇಳಿದ ಹಾಗಿತ್ತು. ಆ ವಿನಯ ಕಂಡು ನಿಶಿಗಾಕಿಯವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಶೋಗಿ ಎಂಬ ಈ ಜಪಾನಿ ಚದುರಂಗ ಆಡುವವರಲ್ಲಿ ಹಳೆಯ ಪದ್ಧತಿಯೊಂದಿದೆ. ಗುರು ಶಿಷ್ಯನ ಜೊತೆ ಎರಡೇ ಎರಡು ಸಲ ಆಡುತ್ತಾನೆ. ಮನೆಗೆ ಸೇರಿಸಿಕೊಂಡ ದಿನ ಒಂದು ಆಟ. ಇವನಿಂದಾಗದು ಎಂದು ತೀರ್ಮಾನವಾಗಿ ಊರಿಗೆ ಕಳಿಸುವ ದಿನ ಇನ್ನೊಂದು. ನಡುವೆ ಪಾಠವಿಲ್ಲ. ನೋಡಿ ಕಲಿಯಬೇಕು, ಕಸ ಗುಡಿಸುತ್ತ, ಗುರುವಿನ ಚೀಲ ಹೊರುತ್ತ ಕಲಿಯಬೇಕು. ಶಿನ್ಯಾನ ಮೊದಲ ಆಟ ಅವರಿಗೆ ಚೆನ್ನಾಗಿ ನೆನಪಿತ್ತು. ಅವನ ಅಪ್ಪ ಒಂದು ಪೆಟ್ಟಿಗೆ ಪೇರುಹಣ್ಣು ಹೊತ್ತು ಬಾಗಿಲಲ್ಲೇ ನಿಂತಿದ್ದ. ಹೆಂಡತಿ ಫುಮಿಎ ಹಣ್ಣು ಹೆಚ್ಚಿ ತಂದಿಟ್ಟರೂ ಹುಡುಗ ಮಣೆಯಿಂದ ಕಣ್ಣು ಕೀಳಲಿಲ್ಲ. ಸೋತಾಗ ಅತ್ತ, ಅತ್ತಿದ್ದು ಯಾರಿಗೂ ಕಾಣದಿರಲೆಂದು ಹಣ್ಣನ್ನು ಬಾಯಿಗೆ ತುರುಕಿಕೊಂಡ. ಎರಡನೇ ಆಟ ನಡೆಯಲಿಲ್ಲ. ಇಪ್ಪತ್ತಾರು ತುಂಬುವುದರೊಳಗೆ ವೃತ್ತಿ ಆಟಗಾರನಾಗದಿದ್ದರೆ ಮನೆಗೆ ನಡಿ ಎನ್ನುವುದು ನಿಯಮ. ಶಿನ್ಯಾನಿಗೆ ಒಂದೇ ಒಂದು ಗೆಲುವು ಕಡಿಮೆಬಿತ್ತು. ಅವನು ಹೊರಡುವ ದಿನ ಬೆಳಿಗ್ಗೆ ನಿಶಿಗಾಕಿಯವರು ಕೋಬೆಯಲ್ಲಿ ಕೆಲಸವಿದೆಯೆಂದು ಏಳಕ್ಕೇ ಮನೆ ಬಿಟ್ಟಿದ್ದರು. ಕೆಲಸವೇನೂ ಇರಲಿಲ್ಲ. ಬಂದರಿನ ಹತ್ತಿರ ಒಂದು ಕಾಫಿ ಅಂಗಡಿಯಲ್ಲಿ ಕೂತು ಹಡಗು ನೋಡಿದ್ದರು. ಮಣೆ ಒರೆಸಿ ಕಾಯಿ ಜೋಡಿಸಿಟ್ಟುಕೊಂಡು ಹುಡುಗ ಮಧ್ಯಾಹ್ನದವರೆಗೂ ಕಾದ ಎಂದು ಆಮೇಲೆ ಫುಮಿಎ ಹೇಳಿದಳು. ಹೇಳಿ ಅಷ್ಟಕ್ಕೇ ಬಿಟ್ಟಳು, ಅವಳು ಬೈದಿದ್ದರೆ ವಾಸಿಯಿತ್ತು.

ಒಂಬತ್ತು ವರ್ಷ ಹೊಸ ವರ್ಷಕ್ಕೊಂದು ಕಾರ್ಡು ಬಿಟ್ಟರೆ ಮಾತಿರಲಿಲ್ಲ. ಕಂಪ್ಯೂಟರ್ ಕಲಿತ, ಯಾವುದೋ ಕಂಪನಿ ಸೇರಿದ, ಶೋಗಿ ಆಡುವ ಯಂತ್ರವೊಂದನ್ನು ಕಟ್ಟಿದ ಎಂದೆಲ್ಲ ಅವರಿವರ ಬಾಯಿಂದ ಕೇಳಿದ್ದು. ಯಂತ್ರದ ಎದುರು ಹಿರಿಯ ಆಟಗಾರರೊಬ್ಬರು ಕೂರಬೇಕೆಂದು ಶೋಗಿ ಸಂಘ ನಿಶ್ಚಯಿಸಿದಾಗ ನಿಶಿಗಾಕಿಯವರು ತಾವಾಗಿಯೇ ಹೆಸರು ಕೊಟ್ಟರು. ಒಂದು ಕಾಲಕ್ಕೆ ದೊಡ್ಡ ಪ್ರಶಸ್ತಿಯ ಬಾಗಿಲವರೆಗೆ ಹೋಗಿ ಬಂದವರು, ಐವತ್ತೆಂಟು ವಯಸ್ಸು, ಅವರ ಆಟ ನೋಡಲು ಈಚೆಗೆ ಯಾರೂ ಬರುತ್ತಿರಲಿಲ್ಲ. ಅಭ್ಯಾಸಕ್ಕೆಂದು ಯಂತ್ರದ ಒಂದು ಪ್ರತಿಯನ್ನು ಶಿನ್ಯಾ ಅಂಚೆಯಲ್ಲಿ ಕಳಿಸಿದ್ದ. ಅವರು ಪೊಟ್ಟಣ ಬಿಚ್ಚಲಿಲ್ಲ. ಬಿಚ್ಚುವ ಅಗತ್ಯವೇ ಇರಲಿಲ್ಲ, ಅವರ ಹತ್ತಿರ ಒಂದು ಬಲೆಯಿತ್ತು. ಹಳೆಯದೊಂದು ದಾಳಿ, ಎಲ್ಲರೂ ಆಡಿ ಆಡಿ ಬೇಜಾರಾಗಿ ಬಿಟ್ಟದ್ದು. ಅದರಿಂದ ಪಾರಾಗಲು ಇರುವುದು ಒಂದೇ ನಡೆ. ಆ ನಡೆ ಗೊತ್ತಿರುವವರು ಲೋಕದಲ್ಲಿ ಒಬ್ಬರೇ. ಹಾಗಾಗಿ ಅವರು ನೆಮ್ಮದಿಯಾಗಿ, ಸ್ವಲ್ಪ ಖುಷಿಯಾಗಿಯೇ, ತಮ್ಮ ಗುಟ್ಟಿನ ಮೇಲೆ ಕೂತು ದಾಳಿ ಶುರುಮಾಡಿದ್ದರು.

ನಲವತ್ತೆರಡನೇ ನಡೆಗೆ ಯಂತ್ರ ಹನ್ನೊಂದು ಸೆಕೆಂಡು ತೆಗೆದುಕೊಂಡಿತು. ಶಿನ್ಯಾ ಪರದೆ ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ಆ ಸ್ವಚ್ಛ ಉಗುರಿನ ಕೈ ಬಂದು, ದಾಳಿಯ ನಟ್ಟನಡುವೆ ನಿಂತಿದ್ದ ಬೆಳ್ಳಿಯನ್ನು, ಬೆಳ್ಳಿಯೆಂದು ಕರೆಯುವ ಆ ಕಾಯಿಯನ್ನು, ಓರೆಯಾಗಿ ಒಂದು ಮನೆ ಹಿಂದಕ್ಕೆ ಇಟ್ಟಿತು. ಹೆದರಿ ಮನೆ ಸೇರಿಕೊಂಡ ಹಾಗೆ. ಹಾಗೆ ಕಾಣುವುದೇ ಅದರ ಗುಟ್ಟು. ಹದಿನೈದು ನಡೆ ಕಳೆದ ಮೇಲೆ ಅದೇ ಬೆಳ್ಳಿ ನಿಂತಲ್ಲಿಂದಲೇ ಎದುರಿನ ರಾಜನ ದಾರಿಯನ್ನೆಲ್ಲ ಮುಚ್ಚುತ್ತದೆ. ನಿಶಿಗಾಕಿಯವರು ಬೀಸಣಿಗೆ ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ದಾಖಲೆ ಬರೆಯುವಾಕೆ ಯಾವ ಆಶ್ಚರ್ಯವೂ ಇಲ್ಲದೆ ಕಾಗದದ ಮೇಲೆ ಬರೆದುಕೊಂಡಳು, ಬೆಳ್ಳಿ ಹಿಂದಕ್ಕೆ. ಅವರ ಕಿವಿಯಲ್ಲಿ ನೀರು ತುಂಬಿಕೊಂಡ ಹಾಗಾಯಿತು. ಆ ನಡೆಯನ್ನು ತಾವು ಕಂಡುಹಿಡಿದ ದಿನವೂ ಕಿವಿಯಲ್ಲಿ ನೀರಿತ್ತು. ಮನೆಯ ಸ್ನಾನದ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಬಿಸಿನೀರಲ್ಲಿ ಕೂತಿದ್ದಾಗ ಹೊಳೆದದ್ದು, ಒದ್ದೆ ಮೈಯಲ್ಲೇ ಓಡಿಬಂದು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದದ್ದು, ಹಾಳೆಯ ಮೇಲೆ ಹನಿ ಬಿದ್ದು ಶಾಯಿ ಹರಡಿದ್ದು. ಮೂವತ್ತು ವರ್ಷದ ಆಟದಲ್ಲಿ ತಮ್ಮದೇ ಎಂದು ಹೇಳಿಕೊಳ್ಳಬಹುದಾದ ಒಂದೇ ಒಂದು ವಸ್ತು. ಉಳಿದದ್ದೆಲ್ಲ ಅವರಿವರಿಂದ ಬಂದದ್ದು, ಹಿರಿಯರಿಂದ ಕದ್ದದ್ದು. ಇದನ್ನು ದೊಡ್ಡ ಪ್ರಶಸ್ತಿಯ ಆಟಕ್ಕೆಂದು ಕಟ್ಟಿಟ್ಟರು. ಆ ಆಟ ಬರಲಿಲ್ಲ. ಬಂದ ಚಿಕ್ಕಪುಟ್ಟ ಆಟಗಳಲ್ಲಿ ಖರ್ಚು ಮಾಡಲು ಮನಸ್ಸಾಗಲಿಲ್ಲ. ಆ ದಾಳಿಯ ಫ್ಯಾಶನ್ನೇ ಹೋಯಿತು, ಪುಸ್ತಕ ಮೇಜಿನ ಖಾನೆಯಲ್ಲಿ ಕಾಲುಚೀಲಗಳ ಕೆಳಗೆ ಉಳಿಯಿತು.

ಕದ್ದಿದ್ದಾನೆ. ಈ ಮಾತು ಹೊಟ್ಟೆಯೊಳಗಿಂದ ಎದ್ದು ಬಂತು, ಬಂದ ಕೂಡಲೇ ಎಲ್ಲ ಹೊಂದಿಕೊಂಡಿತು. ಹದಿಮೂರು ವರ್ಷ ಮನೆಯಲ್ಲಿದ್ದವನು. ದಿನಾ ಕೋಣೆ ಗುಡಿಸುತ್ತಿದ್ದವನು. ಹೊರಡುವ ದಿನ ಗುರು ಮನೆಯಲ್ಲಿಲ್ಲ, ಮಧ್ಯಾಹ್ನದವರೆಗೆ ಕಾಯುತ್ತ ಕೂತವನಿಗೆ ಒಂದು ಖಾನೆ ಎಳೆಯುವುದು ಎಷ್ಟರ ಕೆಲಸ? ಅನ್ನ ಹಾಕಿದ ಮನೆ. ಜ್ವರ ಬಂದಾಗ ಫುಮಿಎ ಮೂರು ದಿನ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತಿದ್ದಳು. ಶೋಗಿಯಲ್ಲಿ ಸೆರೆಸಿಕ್ಕ ಕಾಯಿ ಸಾಯುವುದಿಲ್ಲ, ಹಿಡಿದವನ ಪರವಾಗಿ ಮತ್ತೆ ಮಣೆಗಿಳಿಯುತ್ತದೆ, ನಿನ್ನೆಯ ಒಡೆಯನ ಮೇಲೆಯೇ ಬೀಳುತ್ತದೆ. ಅದಕ್ಕೆ ನಾಚಿಕೆಯಿಲ್ಲ, ಮರದ ತುಂಡು. ಮನುಷ್ಯನಿಗೂ ಬೇಡವೇ? ಕಳ್ಳ, ಎಂದು ಬಾಯಿ ತೆರೆದು ಕೂಗಿಬಿಡಬೇಕೆನ್ನಿಸಿತು. ಚಾವಣಿಯಿಂದ ತೂಗುತ್ತಿದ್ದ ಕ್ಯಾಮೆರಾದ ಮುಂದೆ, ನೋಡುತ್ತಿರುವ ಲಕ್ಷಾಂತರ ಜನರ ಮುಂದೆ. ಕೂಗಿದರೆ ಏನೆಂದು ಕೂಗುವುದು? ಈ ನಡೆ ನನ್ನದು, ನನ್ನ ಪುಸ್ತಕದಲ್ಲಿತ್ತು, ಅಂತಲೇ? ಯಾವಾಗಿನಿಂದ ಇತ್ತು ಎಂದು ಅವನು ಕೇಳಿದರೆ? ಅಲ್ಲಿಗೆ ಅವರ ಯೋಚನೆ ಗಾಡಿ ಹಳ್ಳಕ್ಕಿಳಿದ ಹಾಗೆ ನಿಂತಿತು. ಕಳುವಾಗಿದೆ ಎಂದು ಹೇಳಿದರೆ ಬಚ್ಚಿಟ್ಟಿದ್ದೆ ಎಂದೂ ಹೇಳಬೇಕಾಗುತ್ತಿತ್ತು.

ಯಾಕೆಂದರೆ ಶಿನ್ಯಾ ಒಮ್ಮೆ ಕೇಳಿದ್ದ. ವೃತ್ತಿ ಆಟಗಾರನಾಗಲು ಗೆಲ್ಲಲೇಬೇಕಿದ್ದ ಕೊನೆಯ ಆಟದ ಹಿಂದಿನ ಸಂಜೆ, ಊಟದ ಹೊತ್ತಲ್ಲಿ. ಹದಿಮೂರು ವರ್ಷದಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ. ಬಂಗುಡೆ ಸುಟ್ಟಿದ್ದರು ಅವತ್ತು. ಅವನು ಅನ್ನದ ಬಟ್ಟಲು ಕೆಳಗಿಟ್ಟು, ಎರಡೂ ಕೈ ನೆಲಕ್ಕೂರಿ, "ಗುರುಗಳೇ, ನಾಳೆ ನನ್ನೆದುರು ಕೂರೋ ಆ ಸಸಹಾರ ಖಂಡಿತ ಆ ದಾಳಿನೇ ಆಡ್ತಾನೆ. ಎಷ್ಟು ತಲೆ ಕೆಡಿಸ್ಕೊಂಡ್ರೂ ದಾರಿ ಕಾಣ್ತಿಲ್ಲ. ಏನು ಮಾಡ್ಲಿ?" ಎಂದಿದ್ದ. ಅವರ ಬಾಯಲ್ಲಿ ಮೀನಿನ ಮುಳ್ಳಿತ್ತು. ಅದನ್ನು ನಾಲಿಗೆಯಿಂದ ಹುಡುಕಿ, ತೆಗೆದು, ತಟ್ಟೆಯ ಅಂಚಿಗಿಟ್ಟು, "ನಿನಗೆ ಕಂಡದ್ದನ್ನ ಆಡೋ," ಎಂದಿದ್ದರು. ಗುರು ಹೇಳಿಕೊಡುವುದಿಲ್ಲ, ಅದೇ ಪದ್ಧತಿ. ಪದ್ಧತಿ ಇದೆಯಲ್ಲ ಎಂದು ಎಷ್ಟು ಸಮಾಧಾನವಾಗಿತ್ತು ಅವತ್ತು. ಶಿನ್ಯಾ ತಲೆಬಾಗಿ ಮತ್ತೆ ಬಟ್ಟಲೆತ್ತಿಕೊಂಡ. ಮರುದಿನ ಬೆಳ್ಳಿಯನ್ನು ಮುಂದಕ್ಕೆ ಆಡಿದ, ಸೋತ.

ಊಟದ ವಿರಾಮದಲ್ಲಿ ಪಕ್ಕದ ಕೋಣೆಗೆ ಉಡೋನ್ ಬಂತು, ಬಿಸಿ ಸಾರಿನಲ್ಲಿ ದಪ್ಪ ಶಾವಿಗೆ, ಮೇಲೆ ಸಿಹಿ ತೋಫು ಹಾಕಿದ್ದು. ಹಿಂದೆಯೇ ಶಿರಕಾವ ಬಂದ. ಜೊತೆಗೇ ಬೆಳೆದ ಆಟಗಾರ, ಇವತ್ತು ಕೆಳಗಿನ ಸಭಾಂಗಣದಲ್ಲಿ ಜನರಿಗೆ ಆಟ ವಿವರಿಸುವ ಕೆಲಸ ಅವನದು. ಆಟದ ಬಗ್ಗೆ ಒಂದಕ್ಷರ ಮಾತಾಡುವಂತಿಲ್ಲ, ಆದರೆ ಸುಮ್ಮನಿರುವ ಜಾತಿಯಲ್ಲ.

"ಏನಯ್ಯಾ, ಮತ್ತೆ ಅದೇ ಉಡೋನಾ? ನೀನು ಏನು ತರಿಸ್ದೆ ಅಂತ ಟೀವಿಲಿ ತೋರ್ಸಿದ್ರು. ದುಡ್ಡು ಅವರೇ ಕೊಡ್ತಾರೆ ಕಣೋ, ಒಂದು ಹಾವುಮೀನಿನ ಊಟನಾದ್ರೂ ತರಿಸೋದಲ್ವಾ. ಜಿಪುಣ."

"ಹೊಟ್ಟೆ ಸರಿಯಿಲ್ಲ."

"ನಿನ್ನ ಹೊಟ್ಟೆ ಇಪ್ಪತ್ತು ವರ್ಷದಿಂದ ಸರಿಯಿಲ್ಲ ಬಿಡು. ಆ ಪೆಟ್ಟಿಗೆ ನೋಡು, ಊಟ ಇಲ್ಲ, ತಿಂಡಿ ಇಲ್ಲ, ಒಂದು ತಂತಿ ಚುಚ್ಚಿದ್ರೆ ಆಯ್ತು." ಶಿರಕಾವ ನಕ್ಕ. ನಗುತ್ತಿದ್ದವನು ಇವರ ಮುಖ ನೋಡಿದ, ನಗು ನಿಲ್ಲಿಸಿದ. ಹೋಗುವಾಗ ಹೆಗಲ ಮೇಲೆ ಕೈಯಿಟ್ಟು, "ತಿನ್ನು. ಆರಿಹೋಗುತ್ತೆ," ಎಂದ. ನಲವತ್ತು ವರ್ಷದಲ್ಲಿ ಶಿರಕಾವ ಅವರ ಹೆಗಲು ಮುಟ್ಟಿದ್ದೇ ಇಲ್ಲ. ಯಾರ ಕೈ ಮೇಲಾಗಿದೆಯೆಂದು ಕೆಳಗಿನ ದೊಡ್ಡ ಪರದೆಯ ಮೇಲೆ ಯಂತ್ರ ಲೆಕ್ಕಹಾಕಿ ತೋರಿಸುವ ಅಂಕಿ ಎಷ್ಟಿರಬಹುದೆಂದು ಅವರಿಗೆ ಆ ಕೈಯಿಂದಲೇ ಗೊತ್ತಾಯಿತು.

ಕೈತೊಳೆಯಲು ಹೋದಾಗ ಪಡಸಾಲೆಯಲ್ಲಿ ಶಿನ್ಯಾ ನಿಂತಿದ್ದ. ಇವರನ್ನು ಕಂಡು ಗೋಡೆಗೆ ಸರಿದು ಬಗ್ಗಿದ, ಥೇಟ್ ಹಿಂದಿನ ಹಾಗೆಯೇ. ಕೂದಲ ಸುಳಿಯ ಹತ್ತಿರ ನಾಲ್ಕು ನೆರೆ. ಅವರು ದಾಟಿಹೋಗಬೇಕೆಂದಿದ್ದರು. ದಾಟಿದರು ಕೂಡ, ಎರಡು ಹೆಜ್ಜೆ. ಆಮೇಲೆ ತಿರುಗಿ ನಿಂತರು.

"ಅವತ್ತು ಹೊರಡೋ ಮುಂಚೆ ನನ್ನ ಕೋಣೆ ಗುಡಿಸಿದ್ದು ನೀನೇ ಅಲ್ವೇನೋ?"

ಶಿನ್ಯಾ ಗಾಬರಿಯಾದ. "ಹೌದು ಗುರುಗಳೇ. ಕೊನೇ ಸಲ ಅಂತ ಚಾಪೆನೂ ಎತ್ತಿ ಒರೆಸಿದ್ದೆ. ಯಾಕೆ, ಏನಾದ್ರೂ ಕಳೆದಿತ್ತಾ?"

"ಮೇಜಿನ ಖಾನೆ?"

"ಅಯ್ಯೋ, ಖಾನೆ ನಾನು ಯಾವತ್ತೂ ಮುಟ್ಟಿಲ್ಲ. ಮುಟ್ಟಬೇಡ ಅಂತ ನೀವು ಮೊದಲನೇ ದಿನಾನೇ ಹೇಳಿದ್ರಲ್ಲ." ಅವನ ಮುಖದಲ್ಲಿ ಏನೂ ಇರಲಿಲ್ಲ. ಹದಿಮೂರು ವರ್ಷದ ಹುಡುಗನ ಮುಖವೇ, ಸ್ವಲ್ಪ ಊದಿಕೊಂಡಿತ್ತು ಅಷ್ಟೆ. ಎಷ್ಟು ಚೆನ್ನಾಗಿ ನಟನೆ ಕಲಿತಿದ್ದಾನೆ ಎಂದುಕೊಂಡರು ನಿಶಿಗಾಕಿಯವರು. ಹಾಗೆ ಅಂದುಕೊಳ್ಳದೆ ಅವರಿಗೆ ಬೇರೆ ದಾರಿಯಿರಲಿಲ್ಲ. ಇವನು ಕದ್ದಿರಲೇಬೇಕು. ಕದ್ದಿಲ್ಲವೆಂದಾದರೆ ಆ ತಂತಿ ಚುಚ್ಚಿದ ಪೆಟ್ಟಿಗೆ, ಸ್ನಾನದ ತೊಟ್ಟಿಯಿಲ್ಲದೆ, ಮೂವತ್ತು ವರ್ಷವಿಲ್ಲದೆ, ಹನ್ನೊಂದು ಸೆಕೆಂಡಿನಲ್ಲಿ ಅದನ್ನು ಕಂಡುಕೊಂಡಿತು ಎಂದಾಗುತ್ತದೆ. ಶಿಷ್ಯ ಮೋಸಮಾಡಿದರೆ ತಡೆದುಕೊಳ್ಳಬಹುದು. ಆಟವೇ ಮೋಸಮಾಡಿದರೆ ಯಾರ ಹತ್ತಿರ ದೂರುವುದು? ಇಡೀ ಆಯುಷ್ಯ ಅದರ ಬಾಗಿಲಲ್ಲಿ ಕೂತವನನ್ನು ಬಿಟ್ಟು, ಬೀದಿಯಲ್ಲಿ ಹೋಗುವ ಯಾವುದಕ್ಕೋ ಅದು ಸೆರಗು ಹಾಸಿದ ಹಾಗೆ. ಅವರಿಗೆ ಅಳು ಬರುವ ಹಾಗಾಗಿ ನಲ್ಲಿ ಜೋರಾಗಿ ತಿರುಗಿಸಿದರು.

ಮಧ್ಯಾಹ್ನ ಬೇಗ ಮುಗಿಯಿತು. ತಮ್ಮ ನಡೆಯೇ ತಮ್ಮ ಕತ್ತು ಹಿಸುಕುವುದನ್ನು ಅವರು ಒಂದೊಂದೇ ಹೆಜ್ಜೆ ನೋಡಿದರು. ಮುಂದೇನು ಬರುತ್ತದೆಂದು ಯಂತ್ರಕ್ಕಿಂತ ಮೊದಲೇ ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಏನೂ ಉಪಯೋಗವಿರಲಿಲ್ಲ. ಸೋತವನು ಬಾಯಿಬಿಟ್ಟು ಸೋತೆ ಎನ್ನಬೇಕು, ಅದೂ ಪದ್ಧತಿ. ಲ್ಯಾಪ್‌ಟಾಪಿನ ಕಡೆ ನೋಡುತ್ತ ಅದನ್ನು ಹೇಳಲು ಅವರಿಂದಾಗಲಿಲ್ಲ. ಸೆರೆಕಾಯಿಗಳನ್ನಿಡುವ ಪೀಠದ ಮೇಲೆ ಅಂಗೈಯಿಟ್ಟು ತಲೆ ತಗ್ಗಿಸಿದರು. ಶಿನ್ಯಾ ಒಂದು ಕ್ಷಣ ಕಾದ, ಮಾತು ಬರುವುದಿಲ್ಲವೆಂದು ತಿಳಿದು ತಾನೇ ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿದ. ಗೆದ್ದವನು ಅಷ್ಟು ಬಗ್ಗಬೇಕಾದ್ದಿಲ್ಲ. ಕ್ಯಾಮೆರಾದವರು ಬಂದರು, ಎರಡು ಪ್ರಶ್ನೆ ಕೇಳಿದರು, ಬೆಳಕು ಆರಿಸಿ ಹೋದರು. ದಾಖಲೆಯಾಕೆಯೂ ಕಾಗದ ಮಡಿಸಿಕೊಂಡು ಎದ್ದಳು.

ಆಟ ಮುಗಿದ ಮೇಲೆ ಇಬ್ಬರೂ ಕೂತು ಅದನ್ನು ಮತ್ತೆ ಮಣೆಯ ಮೇಲೆ ನಡೆಸಿ ನೋಡಬೇಕು. ಎಲ್ಲಿ ತಪ್ಪಿದೆ, ಯಾವುದನ್ನು ಕಂಡಿದ್ದೆ, ಯಾವುದನ್ನು ಕಾಣಲಿಲ್ಲ ಎಂದು ಹೇಳಿಕೊಳ್ಳಬೇಕು. ಅಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಹೆಂಡತಿಗೆ ಹೇಳುವವರೂ ಅಲ್ಲಿ ಹೇಳುವುದಿಲ್ಲ. ಯಂತ್ರದ ಜೊತೆ ಆ ಮಾತಿಲ್ಲ. ನಿಶಿಗಾಕಿಯವರು ಏಳಲು ಮೊಣಕಾಲು ಸಡಿಲಿಸುತ್ತಿದ್ದರು. ಶಿನ್ಯಾ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಮೇಜು ಸರಿಸಿ, ಮಣೆಯ ಹತ್ತಿರಕ್ಕೆ ಜರುಗಿ ಕೂತ.

"ಗುರುಗಳೇ, ತಪ್ಪು ತಿಳೀಬೇಡಿ. ಒಂದೇ ಒಂದು ಕೇಳ್ಬೇಕಿತ್ತು." ಅವನು ಕಾಯಿಗಳನ್ನು ಹಿಂದಕ್ಕೆ ನಡೆಸುತ್ತ ಬಂದ, ಬೆಳ್ಳಿ ಸರಿದ ಜಾಗದಲ್ಲಿ ನಿಲ್ಲಿಸಿದ. "ಈ ನಡೆ ನಾನು ಮೊದಲು ನೋಡಿದ್ದು ಹೋದ ಫೆಬ್ರವರಿಲಿ. ಇದು ತನ್ನ ಜೊತೆ ತಾನೇ ಆಡ್ಕೊಳ್ತಾ ಇತ್ತು, ನಾನು ಸುಮ್ನೆ ನೋಡ್ತಾ ಕೂತಿದ್ದೆ. ಎರಡು ದಿನ ಊಟ ಸೇರ್ಲಿಲ್ಲ. ಅವತ್ತು ಸಸಹಾರನ ಜೊತೆ ಆಡಿದ್ದು ಇದೇ ಜಾಗ ಅಲ್ವಾ. ನಾನು ಮುಂದಕ್ಕೆ ಆಡಿದ್ದೆ." ಅವನು ಸ್ವಲ್ಪ ನಕ್ಕ. "ಆದ್ರೆ ಇದು ಯಾಕೆ ಸರಿ ಅಂತ ಇವತ್ತಿಗೂ ನಂಗೆ ತಿಳಿದಿಲ್ಲ. ಅದು ಅಂಕಿ ಹೇಳುತ್ತೆ, ಕಾರಣ ಹೇಳಲ್ಲ. ಬಡ್ಡಿಮಗಂದು ಕಟ್ಟಿದವನು ನಾನೇ, ನಂಗೇ ಹೇಳಲ್ಲ. ಅದಕ್ಕೇ ಆ ಡಿಸ್ಕು ಕಳಿಸಿದ್ದೆ, ನೀವು ನೋಡಿದ್ರೆ ನಿಮಗೆ ಕಾಣಬಹುದು ಅಂತ. ಇಲ್ಲಿಂದ ಮುಂದಕ್ಕೆ ನನಗೊಂದು ಸ್ವಲ್ಪ ಹೇಳಿಕೊಡ್ತೀರಾ?"

ಹೇಳಿಕೊಡ್ತೀರಾ. ಆ ಮುಖದಲ್ಲಿ ನಟನೆಯಿರಲಿಲ್ಲ. ಇರಲೇ ಇಲ್ಲ, ಪಡಸಾಲೆಯಲ್ಲೂ ಇರಲಿಲ್ಲ. ಯಂತ್ರ ಕದ್ದಿಲ್ಲ, ಇವನು ಕದ್ದಿಲ್ಲ, ಯಾರೂ ಏನೂ ಕದ್ದಿಲ್ಲ. ಎದೆಯೊಳಗೆ ಏನೋ ಕುಸಿಯಿತು. ಕುಸಿದ ಜಾಗದಲ್ಲೇ ಅವರಿಗೆ ತಿಳಿಯದ ಹಾಗೆ ಒಂದು ಸಂತೋಷ ಎದ್ದಿತು. ಕಾರಣ ಅದಕ್ಕೆ ಗೊತ್ತಿಲ್ಲ! ನನಗೆ ಗೊತ್ತಿದೆ. ಕೈ ತಾನಾಗಿಯೇ ಮಣೆಗೆ ಹೋಯಿತು. ನೋಡು, ರಥ ಇಲ್ಲಿಗೆ ಬರುತ್ತೆ, ಬರಲೇಬೇಕು. ನೀನು ಕಾಲಾಳು ಬಿಟ್ಟುಕೊಡು, ಹೆದರಬೇಡ. ಅವನು ತಿನ್ನುತ್ತಾನೆ, ತಿಂದರೆ ಈ ಚಿನ್ನದ ಕಾಯಿ ಪಕ್ಕಕ್ಕೆ. ಈಗ ಬೆಳ್ಳಿ ನೋಡು, ಅಲ್ಲಾಡಿಲ್ಲ, ಆದರೆ ಈ ಮೂಲೆ ಪೂರ್ತಿ ಅದರದ್ದೇ. ಟಪ್, ಟಪ್, ಟಪ್. ಎರಡೂ ಕಡೆಯ ಕಾಯಿಗಳನ್ನು ತಾವೇ ಆಡುತ್ತ, ಎಲ್ಲಿಯೂ ತಡೆಯದೆ, ಯೋಚಿಸಲು ನಿಲ್ಲದೆ, ಬೆರಳುಗಳು ದಿನಾ ನಡೆದ ಬೀದಿಯಲ್ಲಿ ನಡೆದ ಹಾಗೆ ನಡೆದವು. ಇದನ್ನು ಒಬ್ಬರಿಗೆ ತೋರಿಸಬೇಕೆಂದು ಇಷ್ಟು ವರ್ಷ ತಮಗೆ ಆಸೆಯಿತ್ತೆಂದೇ ಅವರಿಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ನಡೆ ಮುಗಿದು ತಲೆಯೆತ್ತಿದಾಗ ಶಿನ್ಯಾ ಮಣೆ ನೋಡುತ್ತಿರಲಿಲ್ಲ. ಅವರ ಕೈ ನೋಡುತ್ತಿದ್ದ.

"ಯಾವಾಗಿನಿಂದ ಗೊತ್ತಿತ್ತು?" ಎಂದ.

ಈಗಷ್ಟೇ ಹೊಳೆಯಿತು ಎನ್ನಬಹುದಿತ್ತು. ಉಡೋನ್ ತಿನ್ನುತ್ತ ಯೋಚಿಸಿದೆ ಎನ್ನಬಹುದಿತ್ತು. ಆದರೆ ಮಣೆ ನಡುವೆ ಇತ್ತು, ಮಣೆಯ ಮೇಲೆ ಕೈ ಇನ್ನೂ ಇತ್ತು.

"ಫುಮಿಎಗೆ ಪಿತ್ತಕೋಶದ ಆಪರೇಷನ್ ಆಯ್ತಲ್ಲ. ಆ ವರ್ಷ."

ಶಿನ್ಯಾ ಒಂದೊಂದೇ ಬೆರಳು ಮಡಿಸಿದ. ಲೆಕ್ಕ ಹಾಕುತ್ತಿದ್ದ, ತುಟಿ ಅಲ್ಲಾಡುತ್ತಿತ್ತು. ಆ ವರ್ಷ ಆಸ್ಪತ್ರೆಗೆ ಮೂರು ವಾರ ಗಂಜಿ ಹೊತ್ತವನು ಅವನೇ. "ನನಗೆ ಇಪ್ಪತ್ತನಾಲ್ಕು," ಎಂದ ನಿಧಾನವಾಗಿ. "ಅಮ್ಮಾವ್ರಿಗೆ ನಾನೇ ಗಂಜಿ ತಗೊಂಡು ಹೋಗ್ತಿದ್ದೆ." ಇನ್ನೆರಡು ಬೆರಳು ಮಡಿಸಿ, "ಅವತ್ತು ಬಂಗುಡೆ ಮೀನು," ಎಂದ.

ಅವನೂ ಅದನ್ನು ಮರೆತಿರಲಿಲ್ಲ.

"ಶಿನ್ಯಾ, ಗುರು ಆದವನು ಹೇಳಿಕೊಡಬಾರದು ಅಂತ..." ಎಂದು ನಿಶಿಗಾಕಿಯವರು ಶುರುಮಾಡಿದರು. ಮಾತು ಅಲ್ಲೇ ನಿಂತಿತು, ಈಗಷ್ಟೇ ಹೇಳಿಕೊಟ್ಟಿದ್ದರು.

ಶಿನ್ಯಾ ತಂತಿ ಸುತ್ತಿದ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದ. ಅವಸರವಿರಲಿಲ್ಲ. ಕೊನೆಗೆ ತನ್ನ ಎರಡು ಕೈ ಮುಂದೆ ಚಾಚಿ ಬೆರಳುಗಳನ್ನು ನೋಡಿಕೊಂಡ. "ನಂದೊಂದು ಆಟ ಉಳಿದಿತ್ತಲ್ಲ, ಊರಿಗೆ ಕಳಿಸೋ ಆಟ. ಇವತ್ತು ಇದು ಮುಗಿದ ಮೇಲೆ ಕೇಳೋಣ, ಆಡ್ತಾರೆ, ಅಂತ ಬೆಳಿಗ್ಗೆ ಉಗುರು ಕತ್ತರಿಸ್ಕೊಂಡು ಬಂದಿದ್ದೆ." ಚೀಲ ಹೆಗಲಿಗೇರಿಸಿ ಎದ್ದ. ಬಾಗಿಲವರೆಗೆ ಹೋಗಿ ಚಪ್ಪಲಿಗೆ ಕಾಲು ತೂರಿಸಿದ.

ನಿಶಿಗಾಕಿಯವರು ಮಣೆಯ ಮುಂದೆ ಬಗ್ಗಿದರು. ಮಧ್ಯಾಹ್ನ ಬಾರದ ಮಾತು ಈಗ ಬಂತು, ತಡೆಯಿಲ್ಲದೆ, ಕೋಣೆಗೆಲ್ಲ ಕೇಳುವ ಹಾಗೆ.

"ಸೋತೆ."

ಶಿನ್ಯಾ ಬಾಗಿಲ ಮೇಲೆ ಕೈಯಿಟ್ಟು ನಿಂತ. ತಿರುಗಲಿಲ್ಲ.

"ನಾವಿಬ್ರೂ ಆಡ್ಲೇ ಇಲ್ವಲ್ಲ, ನಿಶಿಗಾಕಿಯವ್ರೇ," ಎಂದ.